ಬುದ್ಧನ ಕಡೆ ಕಾಲು

ಥಾಯ್ಲೆಂಡಿನ ಅಯುತ್ಥಯದಲ್ಲಿ ಪಾಳು ಗುಡಿಗಳನ್ನೆಲ್ಲ ಸುತ್ತಿ ಸುಸ್ತಾಗಿ, ಬಯಲಲ್ಲೇ ಮಲಗಿರುವ ದೊಡ್ಡ ಬುದ್ಧನ ಎದುರು ಕಾಲು ನೀಡಿ ಕೂತುಬಿಟ್ಟೆ. ಹೂ ಮಾರುವ ಅಜ್ಜಿಯೊಬ್ಬಳು ಬಂದು ನನ್ನ ಮೊಣಕಾಲು ತಟ್ಟಿದಳು. ನನ್ನ ಪಾದ ತೋರಿಸಿದಳು, ಬುದ್ಧನನ್ನು ತೋರಿಸಿದಳು, ಕೂಡದೆಂದು ತಲೆಯಾಡಿಸಿದಳು. ತಟ್ಟನೆ ಕಾಲು ಮಡಚಿಕೊಂಡೆ.

ಹೋದ ಮರ್ಯಾದೆ ವಾಪಸು ಪಡೆಯಬೇಕಲ್ಲ! ಮೊಬೈಲು ತೆಗೆದು ನಮ್ಮ ಶಹಾಪುರದ ಗುಡ್ಡದ ಫೋಟೋ ತೋರಿಸಿದೆ. ಅದೂ ಥೇಟ್ ಮಲಗಿದ ಬುದ್ಧನ ಹಾಗೆಯೇ ಕಾಣುತ್ತದೆ. ಅಜ್ಜಿ ಹಿಗ್ಗಿ ಕೈಮುಗಿದಳು. ಆಮೇಲೆ ಫೋಟೋದ ಕೆಳತುದಿಗೆ ಬೆರಳಿಟ್ಟು ನನ್ನನ್ನೇ ನೋಡಿದಳು. ಮಾಳಿಗೆಯ ಮೇಲೆ ಹೊರಸಿನಲ್ಲಿ ಮಲಗಿಕೊಂಡೇ ತೆಗೆದ ಫೋಟೋ ಅದು. ನನ್ನವೇ ಎರಡು ಪಾದಗಳು ನೇರ ಬುದ್ಧನ ಮುಖಕ್ಕೆ ಚಾಚಿದ್ದವು! ಇಬ್ಬರೂ ನಕ್ಕೆವು, ನಾನು ಸ್ವಲ್ಪ ಕಡಿಮೆ.

ಊರಿಗೆ ಬಂದವನೇ ಗುಡ್ಡದ ಕಡೆ ತಲೆ ಬರುವಂತೆ ಹೊರಸು ತಿರುಗಿಸಿದೆ. ಮಾಳಿಗೆಗೆ ಬಂದ ಹೆಂಡತಿ ನಿಂತಲ್ಲೇ ಒದರಿದಳು: "ಉತ್ತರಕ್ಕ ತಲಿ ಇಟ್ಟು ಯಾರರ ಮಲಗ್ತಾರೇನ್ರಿ? ನನ್ನ ತಾಳಿ ಮ್ಯಾಲ ಯಾಕ ನಿಮ್ಮ ಕಣ್ಣು?"

ಈಗ ಹೊರಸು ಅಡ್ಡ ಹಾಕಿದ್ದೇನೆ. ಬುದ್ಧನಿಗೂ ತೊಂದರೆಯಿಲ್ಲ, ಅವಳ ತಾಳಿಗೂ ತೊಂದರೆಯಿಲ್ಲ. ಮೆಟ್ಟಿಲೇರಿ ಬರುವವರಿಗೆ ಮಾತ್ರ ಮೊದಲು ನನ್ನ ಪಾದದರ್ಶನ.