ಮಳೆ ಹೇಳುತ್ತಿದ್ದ ಮೀನು

ವಿಜಯನಗರದಲ್ಲಿ ಆಗಿನ್ನೂ ಮೆಟ್ರೋ ಕಂಬಗಳಷ್ಟೇ ಎದ್ದಿದ್ದವು, ರೈಲು ಓಡುತ್ತಿರಲಿಲ್ಲ. ನನಗೆ ಹತ್ತು ವರ್ಷ. ಒಂದು ಕಡೆ ಕೂರುವುದೆಂದರೆ ನನಗೆ ಶಿಕ್ಷೆ. "ಕಾಲಿಗೆ ಚಕ್ರ ಕಟ್ಕೊಂಡಿದಾಳೆ" ಎಂದು ಅಮ್ಮ ಗೊಣಗುತ್ತಿದ್ದಳು. ಮನೆಯಲ್ಲಿ ನನ್ನಷ್ಟೇ ಚಡಪಡಿಸುವ ಇನ್ನೊಂದು ಜೀವವಿತ್ತು. ಅದು ಚಿಕ್ಕಪ್ಪನ ಅಕ್ವೇರಿಯಂನ ಲೋಚ್ ಮೀನು.

ಹಾವಿನ ಮರಿಯಂಥ ಮೈ, ಬಾಯಿಯ ಸುತ್ತ ಮೀಸೆ. ಹಗಲೆಲ್ಲ ತಳದ ಮರಳಿನಲ್ಲಿ ಹೂತುಕೊಂಡು, ಚಿಕ್ಕಪ್ಪ ನೆಟ್ಟ ಗಿಡಗಳನ್ನು ಬೇರುಸಮೇತ ಕಿತ್ತು ತೇಲಿಸುತ್ತಿತ್ತು. "ಇದು ಮೀನಲ್ಲ, ಜೆಸಿಬಿ" ಎಂದು ಬೈಯುತ್ತ ಆತ ದಿನಾ ಸಂಜೆ ಉದ್ದನೆಯ ಚಿಮಟ ಹಿಡಿದು ಅವನ್ನು ಮತ್ತೆ ನೆಡುತ್ತಿದ್ದ.

ಮಳೆಗೆ ಮುಂಚೆ ಮಾತ್ರ ಅದು ಮರಳಿನಿಂದೆದ್ದು ಗಾಜಿಗೆ ಅಂಟಿಕೊಂಡಂತೆ ಮೇಲೆ ಕೆಳಗೆ ಓಡಾಡುತ್ತಿತ್ತು. ಅದನ್ನು ಕಂಡುಹಿಡಿದವಳು ನಾನೇ. ಏಪ್ರಿಲ್‌ನಲ್ಲಿ ನಮ್ಮ ಟೆರೇಸ್ ತುಂಬ ಅಜ್ಜಿ ಇಟ್ಟ ಸಂಡಿಗೆ, ಇಂಗು ಹಸಿಮೆಣಸಿನಕಾಯಿಯ ವಾಸನೆ. ಕಾಗೆ ಓಡಿಸುತ್ತ ಕೂತವರಿಗೆ ಗೊತ್ತು, ಕದ್ದು ತಿಂದ ಅರೆ ಒಣಗಿದ ಸಂಡಿಗೆಯ ರುಚಿ. ಮೀನನ್ನು ನೋಡಿ ಎರಡು ಸಲ ನಾನು ಮಳೆ ಬರುತ್ತೆ ಅಂದೆ, ಎರಡು ಸಲವೂ ಬಂತು. ಆಮೇಲೆ ಪಕ್ಕದ ಮನೆಯ ಆಂಟಿ ಕೂಡ, "ಏನಂತೆ ಕಣೇ ನಿಮ್ಮ ಮೀನು? ಬಟ್ಟೆ ಒಣಗಾಕ್ಲಾ?" ಎಂದು ಕೇಳತೊಡಗಿದರು. ಯಾರೂ ಕಿವಿಗೆ ಹಾಕಿಕೊಳ್ಳದಿದ್ದ ನನ್ನ ಮಾತಿಗೆ ಬೆಲೆ ಬಂದಿತ್ತು. ನಾನು ಉಬ್ಬಿಹೋಗಿದ್ದೆ.

ಚಿಕ್ಕಪ್ಪನದು ಒಂದೇ ನಿಯಮ: ನಲ್ಲಿ ನೀರು ಬಕೆಟ್‌ನಲ್ಲಿ ಒಂದು ದಿನ ನಿಂತು ಕ್ಲೋರಿನ್ ಹೋದ ಮೇಲೆಯೇ ಮೀನಿಗೆ. ಒಂದು ಭಾನುವಾರ ಆತ ನಂದಿನಿ ಲೇಔಟ್‌ಗೆ ಹೋಗುವಾಗ ನೀರು ಬದಲಿಸುವ ಕೆಲಸ ನನಗೆ ಒಪ್ಪಿಸಿದ. ಹಿಂದಿನ ದಿನ ಬಕೆಟ್ ತುಂಬಿಡಲು ನಾನು ಮರೆತಿದ್ದೆ. ಹೊರಗೆ ಕುಂಟೆಬಿಲ್ಲೆಗೆ ಗೆಳತಿಯರು ಕರೆಯುತ್ತಿದ್ದರು. ನಲ್ಲಿಯಲ್ಲಿ ಆಗಷ್ಟೇ ಬಂದಿದ್ದ ಕಾವೇರಿ ನೀರನ್ನು ನೇರವಾಗಿ ಸುರಿದು ಓಡಿದೆ.

ಆಡಿ ಬಂದು ನೋಡಿದರೆ ಮೀನು ಎಂದೂ ಇಲ್ಲದಷ್ಟು ಜೋರಾಗಿ ಮೇಲೆ ಕೆಳಗೆ ಹೊಡೆದುಕೊಳ್ಳುತ್ತಿತ್ತು. "ಅಜ್ಜಿ, ದೊಡ್ಡ ಮಳೆ ಬರುತ್ತೆ" ಎಂದು ಕೂಗಿದೆ.

ಮಂಡಿನೋವಿನ ಅಜ್ಜಿ ಗೋಡೆ ಹಿಡಿದು ಮೆಟ್ಟಿಲು ಹತ್ತಿದಳು. ಹಸಿ ಸಂಡಿಗೆಯನ್ನೆಲ್ಲ ಬಾಚಿದೆವು, ಮುದ್ದೆಯಾಯಿತು. ಒಂದು ಮೋಡವೂ ಇರಲಿಲ್ಲ.

"ಎಲ್ಲೇ ಮಳೆ?" ಎಂದಳು ಅಮ್ಮ.

"ತಾಳು, ಬರುತ್ತೆ. ಮಗು ಹೇಳಿದೆಯಲ್ಲ" ಎಂದಳು ಅಜ್ಜಿ.

ಕಾದೆವು. ನಾನು ನಿಂತಲ್ಲಿ ನಿಲ್ಲಲಾರದೆ ಈ ಗೋಡೆಯಿಂದ ಆ ಗೋಡೆಗೆ ಸುತ್ತಿದೆ. ಮಳೆ ಬರಲಿಲ್ಲ. ಕೆಳಗಿಳಿದಾಗ ಮೀನು ಗಿಡಗಳ ಬುಡದಲ್ಲಿ ಹೊಟ್ಟೆ ಮೇಲಾಗಿ ಬಿದ್ದಿತ್ತು.

ಸಂಜೆ ಚಿಕ್ಕಪ್ಪ ಕೇಳಿದ, "ಯಾವ ನೀರು ಹಾಕ್ದೆ?"

"ನಿನ್ನೆಯ ಬಕೆಟ್‌ದೇ."

ಆತ ಉದ್ದನೆಯ ಚಿಮಟದಿಂದ ಮೀನನ್ನು ಮೇಲೆತ್ತಿದ. ಅಜ್ಜಿ ನನ್ನ ತಲೆ ಸವರಿ, "ಅಳಬೇಡ, ಹೇಳಿದ್ದು ಸುಳ್ಳಾಯ್ತಲ್ಲ ಅಂತ ಅದಕ್ಕೇ ನಾಚಿಕೆ ಆಯ್ತೇನೋ" ಎಂದಳು. ಪಕ್ಕದ ಮನೆಯ ಆಂಟಿ ತಿಂಗಳುಗಟ್ಟಲೆ "ಸುಳ್ಳುಬುರುಕ ಮೀನು" ಎಂದು ನಗಾಡಿದರು. ನಾನೂ ಜೊತೆಗೂಡಿ ನಕ್ಕೆ. ಆ ನಗು ನೆನೆದರೆ ಈಗಲೂ ಹಿಂಸೆಯಾಗುತ್ತದೆ.

ಈಗ ಮಳೆಯ ಸುದ್ದಿ ಮೊಬೈಲ್‌ನಲ್ಲಿ ಬರುತ್ತದೆ, ಸಂಡಿಗೆ ಪ್ಯಾಕೆಟ್‌ನಲ್ಲಿ. ಟೆರೇಸ್ ಇದ್ದ ಕಡೆ ಇನ್ನೊಂದು ಮಹಡಿ ಎದ್ದಿದೆ. ನನ್ನ ಒಂದು ಮಾತಿಗೆ ನೋವಿನ ಕಾಲೆಳೆದುಕೊಂಡು ಮೆಟ್ಟಿಲು ಹತ್ತುವವರು ಯಾರೂ ಉಳಿದಿಲ್ಲ. ಅಜ್ಜಿ ಇರುವಾಗಲೇ ಹೇಳಬೇಕಿತ್ತು: ಅಜ್ಜಿ, ಅವತ್ತು ಮೀನು ಮಳೆ ವಿಷಯ ಹೇಳ್ತಿರಲಿಲ್ಲ. ಉಸಿರು ಕಟ್ತಿದೆ, ನೀರು ಬದಲಾಯಿಸು ಅಂತಿತ್ತು. ನಾನು ನಿಮ್ಮನ್ನೆಲ್ಲ ಮೇಲಕ್ಕೆ ಓಡಿಸಿದೆ.