ಕುಂಚಿಗೆಯೊಳಗಿನ ಅಡಕೊತ್ತು

ವಾಡಿಯವರು ನಾವು, ರೈಲಿನ ಸದ್ದಿನಲ್ಲೇ ಉಂಡು ಮಲಗಿದವರು. ಅಂಥವರು ಬೆಂಗಳೂರಿಗೆ ವಿಮಾನದಲ್ಲಿ ಹೊರಟೆವೆಂದರೆ ಓಣಿಯವರು ಬಿಡುತ್ತಾರೆಯೇ? 'ರೈಲು ಬಂದ್ ಆಗ್ಯಾವೇನ್ರಿ ಅಕ್ಕೋರೆ?' ಎಂದು ಕೇಳಿದ್ದೇ ಕೇಳಿದ್ದು. ಬೆಂಗಳೂರಿನ ಬಸ್ ಡಿಪೋದಲ್ಲಿ ಮೆಕ್ಯಾನಿಕ್ ಆಗಿರುವ ಅಳಿಯ, ಬೇಸಿಗೆಯಲ್ಲಿ ಕೂಸಿಗೆ ರೈಲು ಬೇಡವೆಂದು ತಾನೇ ಟಿಕೆಟ್ ತೆಗೆಸಿದ್ದ. ಬಾಣಂತನ ಮುಗಿಸಿದ ಮಗಳನ್ನೂ ಐದು ತಿಂಗಳ ಮೊಮ್ಮಗಳನ್ನೂ ಮುಟ್ಟಿಸಿ ಬರುವುದು ನನ್ನ ಕೆಲಸ.

ಕಲಬುರಗಿಯ ವಿಮಾನ ನಿಲ್ದಾಣದಲ್ಲಿ ತಪಾಸಣೆಯ ಯಂತ್ರದೊಳಗೆ ಹೋದ ನಮ್ಮ ಕೈಚೀಲವನ್ನು ಪಕ್ಕಕ್ಕಿಟ್ಟರು. ಖಾಕಿ ತೊಟ್ಟ ಹೆಣ್ಣುಮಗಳೊಬ್ಬಳು ಅದನ್ನು ಬಿಚ್ಚಿ, ಕೂಸಿನ ಕುಂಚಿಗೆ ಬಿಡಿಸಿದಳು. ತಲೆಗೆ ಟೋಪಿ, ಬೆನ್ನಿಗೆ ಇಳಿಬಿಟ್ಟ ಬಟ್ಟೆ ಇರುವ ಆ ಕುಂಚಿಗೆ ನಾನೇ ಹೊಲಿದದ್ದು. ಅದರ ಮಡಿಕೆಯಲ್ಲಿ ನಮ್ಮ ಅತ್ತೆಯ ಕಾಲದ ಅಡಕೊತ್ತು! ಅಡಿಕೆ ಕತ್ತರಿಸುವ ಆ ಕಬ್ಬಿಣದ ಸಾಮಾನನ್ನು ಎತ್ತಿ ಹಿಡಿದಾಗ ಹಿಂದಿನ ಸಾಲಿನವರೆಲ್ಲ ಕತ್ತು ಚಾಚಿ ನೋಡಿದರು.

'ಇದ್ಯಾಕ ತಂದೀರಿ?'

ನನಗೇನು ಗೊತ್ತು? ಮಗಳ ಕಡೆ ನೋಡಿದೆ. 'ಕೂಸಿನ ಜೋಡಿ ಕಬ್ಬಣ ಇರಬೇಕ್ರಿ,' ಎಂದಳು ಅವಳು, ನೆಲ ನೋಡುತ್ತ.

ನನಗೆ ಮೈ ಉರಿಯಿತು. ಕೂಸಿಗೆ ಗಾಳಿ ಸೋಕಬಾರದೆಂದು ನಮ್ಮ ಕಡೆ ಅದರ ಹಾಸಿಗೆಯಲ್ಲಿ ಕುಡುಗೋಲೋ ಚಾಕುವೋ ಇಡುತ್ತಾರೆ, ಊರು ದಾಟಿಸುವಾಗಲಂತೂ ತಪ್ಪಿಸುವುದಿಲ್ಲ. ನಾನು ರಾವೂರಿನ ಅಂಗನವಾಡಿಯಲ್ಲಿ ಕೂದಲು ಬೆಳ್ಳಗಾಗುವ ತನಕ ದುಡಿದವಳು. 'ಕೂಸಿನ ಹತ್ರ ಹರಿತ ಸಾಮಾನ ಇಡಬ್ಯಾಡ್ರಿ' ಎಂದು ಮನೆಮನೆಗೆ ಹೋಗಿ ಜಗಳಾಡಿದವಳು. ಈಗ ನನ್ನ ಮನೆಯಲ್ಲೇ ಈ ಕಾರಭಾರ!

ಆದರೆ ಬೈಯಲು ಬಾಯಿ ಬರಲಿಲ್ಲ. ಮಗಳ ಮೊದಲ ಕೂಸು ತೊಟ್ಟಿಲು ಕಾಣುವ ಮೊದಲೇ ಹೋಗಿತ್ತು. ಹೃದಯದಲ್ಲಿ ದೋಷವಿತ್ತೆಂದು ಡಾಕ್ಟರು ಹೇಳಿದ್ದರು. ಮಗಳು ಹಿಡಿದುಕೊಂಡದ್ದು ಮಾತ್ರ ಒಂದೇ ಮಾತು: ದವಾಖಾನೆಯಲ್ಲಿ ಕೂಸಿನ ಹತ್ತಿರ ಕಬ್ಬಿಣ ಇಡಲು ಬಿಟ್ಟಿರಲಿಲ್ಲ.

ಅಡಕೊತ್ತನ್ನು ಒಳಗೆ ಬಿಡುವುದಿಲ್ಲ ಎಂದಾಯಿತು. ನಮ್ಮನ್ನು ಬಿಡಲು ಬಂದ ಯಜಮಾನರು ಇನ್ನೂ ಹೊರಗೇ ನಿಂತಿದ್ದರು. ಸಿಬ್ಬಂದಿಯೊಬ್ಬರು ಪಾಪ, ಅದನ್ನು ಅವರಿಗೆ ಮುಟ್ಟಿಸಿ ಬಂದರು. ಮಗಳು ಕೂಸನ್ನು ಅವಚಿಕೊಂಡು ಕುರ್ಚಿಯಲ್ಲಿ ಕುಳಿತುಬಿಟ್ಟಳು.

'ನಾ ಒಲ್ಲೆ ಅವ್ವಾ. ರೈಲಿಗೇ ಬರ್ತೀನಿ.'

ಬಳೆಗೆ ಸಿಗಿಸಿದ್ದ ಪಿನ್ನು ಬಿಚ್ಚಿ ಕೂಸಿನ ಅಂಗಿಗೆ ಹಾಕಹೋದೆ. 'ಚುಚ್ಚಿದ್ರ?' ಎಂದು ಕೈ ತಳ್ಳಿದಳು. ಕಡೆಗೆ ಬಾಯಿಗೆ ಬಂದದ್ದನ್ನು ಹೇಳಿದೆ: 'ಹುಚ್ಚಿ, ಇಡೀ ವಿಮಾನಾನೇ ಕಬ್ಬಣ ಅದ. ಕಬ್ಬಣದ ಹೊಟ್ಟ್ಯಾಗ ಕುಂತು ಹೋಗಾಕಿಗಿ ಅಡಕೊತ್ತು ಯಾಕ ಬೇಕು?'

ಅದು ನಾಟಿತು, ಎದ್ದಳು. ನನ್ನ ಜಾಣತನಕ್ಕೆ ನಾನೇ ಬೀಗಿದೆ.

ಸೀಟಿನಲ್ಲಿ ಕುಳಿತ ಮೇಲೆ ಮಗಳು ಪಕ್ಕದ ಗೋಡೆ ಮುಟ್ಟಿ, 'ಕಬ್ಬಣ ತಣ್ಣಗ ಅದ ನೋಡವ್ವ,' ಎಂದಳು. ದಾರಿಯ ಆಚೆ ಸೀಟಿನಲ್ಲಿ ಒಬ್ಬ ಹಿರಿಯರಿದ್ದರು. ಆದಿತ್ಯನಗರದವರೆಂದು, ಸಿಮೆಂಟ್ ಕಾರ್ಖಾನೆಯಲ್ಲಿ ಇದ್ದವರೆಂದು ಸಾಲಿನಲ್ಲೇ ಪರಿಚಯ ಹೇಳಿಕೊಂಡಿದ್ದರು. 'ಕಬ್ಬಣ ಅಲ್ಲವ್ವ ತಂಗಿ, ಎಲ್ಲಾ ಅಲ್ಯುಮಿನಿಯಂ. ಕಬ್ಬಣ ಇದ್ರ ಮ್ಯಾಲ ಏಳ್ತದೇನು?' ಎಂದು ನಕ್ಕರು. ಇವರನ್ನು ಕೇಳಿದವರು ಯಾರು! ಮಗಳ ಮುಖ ಬಿಳಿಚಿತು. ಬಾಗಿಲು ಆಗಲೇ ಮುಚ್ಚಿತ್ತು.

ಅಷ್ಟರಲ್ಲಿ ಗಗನಸಖಿ ಕೂಸಿಗೆಂದೇ ಇರುವ ಸಣ್ಣ ಬೆಲ್ಟ್ ತಂದು, ಮಗಳ ಬೆಲ್ಟಿಗೆ ಪೋಣಿಸಿ, ಕೂಸಿನ ಹೊಟ್ಟೆಯ ಮೇಲೆ ಬಕ್ಕಲ್ ಟಕ್ಕೆಂದು ಹಾಕಿದಳು. ಮಗಳು ಅದನ್ನು ಉಗುರಿನಿಂದ ಬಡಿದು ನೋಡಿದಳು.

'ಇದಾದ್ರೂ ಕಬ್ಬಣ ಅದೇನ್ರಿ?'

'ಸ್ಟೀಲ್ ಮೇಡಂ.'

'ಸ್ಟೀಲ್ ಅಂದ್ರ ಕಬ್ಬಣದ ಮಗನೇ,' ಎಂದೆ ನಾನು, ತಡಮಾಡದೆ. ಆ ಹಿರಿಯರು ಮತ್ತೆ ಬಾಯಿ ತೆರೆದರು. ನಾನು ದುರುಗುಟ್ಟಿ ನೋಡಿದ್ದಕ್ಕೆ ಪೇಪರ್ ಬಿಚ್ಚಿಕೊಂಡರು.

ವಿಮಾನ ಏರಿತು. ಶಹಾಬಾದ ಕಡೆಯ ಕಲ್ಲಿನ ಗಣಿಗಳು ಕೆಳಗೆ ಬೂದು ಗುಂಡಿಗಳಾಗಿ ಕಂಡವು. ಹುಟ್ಟಿದಾಗಿನಿಂದ ತುಳಿದ ನೆಲವೇ, ಗುರುತು ಹತ್ತಲಿಲ್ಲ. ಮಗಳು ಕಿಟಕಿಯ ಕಡೆ ತಿರುಗಲೂ ಇಲ್ಲ, ಬಕ್ಕಲ್ ಮೇಲಿನ ಅಂಗೈ ತೆಗೆಯಲೂ ಇಲ್ಲ. ಹಾಲು ಕುಡಿದ ಕೂಸು ಮಲಗಿತು. ಸ್ವಲ್ಪ ಹೊತ್ತಿಗೆ ಅವಳಿಗೂ ಜೊಂಪು ಹತ್ತಿ, ಕೈ ಸಡಿಲಾಗಿ ಪಕ್ಕಕ್ಕೆ ಜಾರಿತು.

ಆಗಲೇ ವಿಮಾನ ಮೋಡ ಹೊಕ್ಕು, ನಮ್ಮ ಚಿಂಚೋಳಿ ಬಸ್ಸಿನ ಹಾಗೆ ಕುಲುಕಾಡಿತು. ಮಗಳು ಏಳಲಿಲ್ಲ. ಕೂಸೂ ಅಳಲಿಲ್ಲ. ಯಾಕೆ ಅಳುತ್ತಿಲ್ಲ? ಮೂಗಿನ ಹತ್ತಿರ ಬೆರಳು ಹಿಡಿದೆ. ಬಿಸಿಯುಸಿರು ತಾಗಿತು. ಮತ್ತೊಮ್ಮೆ ಹಿಡಿದು ನೋಡಿದೆ. ಮೊದಲ ಕೂಸಿನ ಮೂಗಿನ ಹತ್ತಿರವೂ ಹೀಗೇ ಬೆರಳು ಹಿಡಿದು ನೋಡಿದವಳು ನಾನೇ. ನನಗೆ ಬಹಳ ಹೆದರಿಕೆಯಾಯಿತು.

ಬೆಂಗಳೂರಿನಲ್ಲಿ ಚಕ್ರ ನೆಲ ಮುಟ್ಟಿದಾಗ ಮಗಳಿಗೆ ಎಚ್ಚರವಾಯಿತು. ವಿಮಾನ ನಿಂತ ಮೇಲೆ ಗಗನಸಖಿ ಬೆಲ್ಟ್ ಕೇಳಲು ಬಂದಳು. ಮಗಳು ನಿರಾಳವಾಗಿ ಬಕ್ಕಲ್ ಬಿಚ್ಚಲು ಹೋದರೆ, ಅದರ ಮೇಲೆ ನನ್ನ ಕೈ ಇತ್ತು.

'ಅವ್ವಾ, ಕೈ ತಗಿ. ಹೊಳ್ಳಿ ಕೊಡಬೇಕಂತ.'

'ತಡಿಯವ್ವ, ಬಾಗಿಲಾದ್ರೂ ತೆರೀಲಿ.'

'ನೀ ಇದನ್ನೆಲ್ಲಾ ನಂಬಂಗಿಲ್ಲಲ್ಲ?'

'ನಂಬಂಗಿಲ್ಲ,' ಎಂದೆ. ಕೈ ಮಾತ್ರ ತೆಗೆಯಲಿಲ್ಲ.