ಬಲಕ್ಕೆ ಬಿದ್ದ ಹೂವು

ಹೂವು ಬಲಕ್ಕೆ ಬಿದ್ದಿತ್ತು. ಅದನ್ನು ನಾನು ಹೇಳಲಿಲ್ಲ. ಹೇಳಬೇಕಾದ ಮಾತು ಒಂದೇ ಇತ್ತು. ಅದನ್ನು ಹೇಳಲೆಂದೇ ನನ್ನನ್ನು ಅಲ್ಲಿ ನಿಲ್ಲಿಸಿದ್ದರು. ನಾನು ಸುಮ್ಮನಾದದ್ದರಿಂದ ನನ್ನ ಅಕ್ಕ ನೋಡಬೇಕಿದ್ದ ಸಮುದ್ರವನ್ನು ನಾನು ನೋಡಿ ಬಂದೆ.

ಎಂಬತ್ತರ ದಶಕದ ನಡುವಿನ ಮಾತು. ಗಂಗಾವತಿಯಲ್ಲಿ ನನ್ನ ಅಣ್ಣನದು ಗೊಬ್ಬರ, ಬೀಜ, ಬೆಳೆಗೆ ಹೊಡೆಯುವ ಎಣ್ಣೆಯ ಅಂಗಡಿ. ನಾನು ನಾಲ್ಕನೇ ತರಗತಿಗೆ ಸಾಲಿ ಬಿಟ್ಟವನು. ಗೋದಾಮು ನನ್ನ ಪಾಲಿಗೆ ಬಂದಿತ್ತು. ಮನೆಯಲ್ಲಿ ಅವ್ವ, ಅಣ್ಣ, ವೈನಿ, ಅವರ ಒಬ್ಬಳೇ ಮಗಳು, ನಾನು, ಮತ್ತು ಒಡಹುಟ್ಟಿದ ಮೂವರಲ್ಲಿ ಹಿರಿಯಳಾದ ಅಕ್ಕ. ಅಪ್ಪ ತೀರಿಕೊಂಡಾಗ ನಾನಿನ್ನೂ ತೊಟ್ಟಿಲಲ್ಲಿದ್ದೆನಂತೆ. ಅವ್ವ ಕೆಲವು ವರ್ಷ ಹಾಸಿಗೆ ಹಿಡಿದಳು, ಅಕ್ಕ ಒಲೆ ಹಿಡಿದಳು. ಅವಳನ್ನು ನೋಡಲು ಬಂದ ವರಗಳಿಗೆಲ್ಲ ಮುಂದಿನ ವರ್ಷ ನೋಡೋಣ ಎಂದು ಹೇಳಿ ಕಳಿಸುತ್ತ ಹೋದರು. ಕೊನೆಗೆ ಬರುವವರೇ ನಿಂತುಹೋದರು. ಇದನ್ನು ಯಾರೂ ನಿರ್ಧಾರ ಮಾಡಿ ಮಾಡಲಿಲ್ಲ. ಆಯಿತು, ಅಷ್ಟೆ.

ಆ ವರ್ಷ ಕಾಲುವೆ ಭಾಗದಲ್ಲಿ ಭತ್ತ ಚೆನ್ನಾಗಿ ಬಂದು, ಆಂಧ್ರದಿಂದ ಬಂದು ಕ್ಯಾಂಪುಗಳಲ್ಲಿ ನೆಲೆಸಿದ್ದ ರೈತರು ಮುಗಿಬಿದ್ದು ಗೊಬ್ಬರ ಒಯ್ದರು. ಅಣ್ಣನಿಗೆ ಮಾಲು ಕೊಡುವ ಕಂಪನಿಯವನು ಹುಬ್ಬಳ್ಳಿಯಿಂದ ಬಂದು, ಹೆಚ್ಚು ಮಾಲು ಮಾರಿದ ಅಂಗಡಿಯವರನ್ನು ಮನೆಮಂದಿಯ ಸಮೇತ ಹಾಂಗ್‌ಕಾಂಗ್‌ಗೆ ಕರೆದೊಯ್ಯುವುದಾಗಿ ಹೇಳಿದ. ಒಂದು ಮನೆಯಿಂದ ನಾಲ್ಕು ಮಂದಿ. ಅಲ್ಲೊಂದು ದೊಡ್ಡ ಆಟದ ಬಯಲು ಇದೆ, ನೀರಿನಲ್ಲಿ ಮೀನು ಕುಣಿಯುತ್ತವೆ, ಒಂದು ಗುಡ್ಡದಿಂದ ಇನ್ನೊಂದು ಗುಡ್ಡಕ್ಕೆ ತಂತಿಗೆ ತೂಗುಬಿಟ್ಟ ಡಬ್ಬಿಯಲ್ಲಿ ಕೂತು ಸಮುದ್ರದ ಮೇಲೆ ಹೋಗಬಹುದು ಎಂದ. ಚಿತ್ರವಿದ್ದ ಒಂದು ಕ್ಯಾಲೆಂಡರ್ ಕೊಟ್ಟ. ಮುಂದಿನ ಸಲ ಬಂದಾಗ ನಾಲ್ಕು ಹೆಸರು ಹೇಳಿ ಎಂದು ಹೋದ.

ಅಣ್ಣ, ವೈನಿ, ಮಗಳು. ನಾಲ್ಕನೆಯವರು ಯಾರು ಎಂದು ಅಣ್ಣ ಯೋಚನೆ ಕೂಡ ಮಾಡಲಿಲ್ಲ.

"ಅಕ್ಕಾ, ನೀ ತಯಾರಾಗು" ಎಂದ.

"ನಾನೇನು ಮಾಡ್ಲೋ ಅಲ್ಲಿ? ಭಾಂಡಿ ತಿಕ್ಕಾಕ ಕರಕೊಂಡು ಹೊಂಟೀಯೇನು?" ಎಂದಳು ಅಕ್ಕ. ಆದರೆ ಆ ಸಂಜೆಯೇ ಕ್ಯಾಲೆಂಡರ್ ಅಡುಗೆಮನೆಯ ಗೋಡೆಗೆ ಹೋಯಿತು.

ಅಲ್ಲಿಂದ ಪ್ರಯಾಣದ ತಯಾರಿ ಪೂರ್ತಿ ಅಕ್ಕನ ಕೈಗೆ ಬಂತು. ಅವಳು ಹೊಸಪೇಟೆಯಿಂದಾಚೆ ಹೋದವಳಲ್ಲ. ಆದರೂ ಅಂಗಡಿಗೆ ಬಂದವರಲ್ಲಿ ಯಾರಾದರೂ ಬೊಂಬಾಯಿ ಕಂಡವರಿದ್ದರೆ ಒಳಗೆ ಕರೆಸಿ ಚಹಾ ಕೊಟ್ಟು ವಿಚಾರಿಸುತ್ತಿದ್ದಳು. ವಿಮಾನದಲ್ಲಿ ಕಿವಿ ನೋಯುತ್ತದಂತೆ, ಅರಳೆ ಬೇಕು. ಎತ್ತರದಲ್ಲಿ ಗಾಳಿ ಜೋರು, ಸೀರೆಯ ನೆರಿಗೆಗೆ ಪಿನ್ನು ಬೇಕು. ತಾವರಗೇರಾದಿಂದ ಬಂದಿದ್ದ ಒಬ್ಬ ರೈತ, "ಅಲ್ಲಿ ಹಾವು ತಿಂತಾರಂತ್ರಿ ಅಕ್ಕಾರ" ಎಂದು ಹೆದರಿಸಿದ. "ತಿನ್ನಲಿ ಬಿಡಪಾ, ನಮ್ಮ ರೊಟ್ಟಿ ಮುಟ್ಟದಿದ್ರ ಸಾಕು" ಎಂದಳು.

ಖಡಕ್ ರೊಟ್ಟಿ ಮಾಡಿ ಡಬ್ಬಿಯಲ್ಲಿ ಇಟ್ಟು ಎಷ್ಟು ದಿನಕ್ಕೆ ಮೆತ್ತಗಾಗುತ್ತವೆ ಎಂದು ಪರೀಕ್ಷೆ ಮಾಡಿದಳು. ವೈನಿ ನಕ್ಕು, "ಇಮಾನದಾಗ ಒಡದು ಪುಡಿ ಆದ್ರ ಏನ್ ಮಾಡ್ತೀರಿ?" ಎಂದು ಕೇಳಿದರೆ, "ಮಸರು ಕಲಸಿ ತಿನ್ನೂಣು. ಒಡದ ರೊಟ್ಟಿಗೆ ರುಚಿ ಕಮ್ಮಿ ಆಗತೈತೇನು?" ಎನ್ನುತ್ತಿದ್ದಳು.

ಅವಳಿಗೆ ಇದ್ದ ಹೆದರಿಕೆ ಒಂದೇ, ಆ ತೂಗುವ ಡಬ್ಬಿ. ಪಡಸಾಲೆಯ ಜೋಕಾಲಿಯಲ್ಲಿ ಕೂತು, ಅಣ್ಣನ ಮಗಳ ಕೈಲಿ ಜೋರಾಗಿ ತೂಗಿಸಿಕೊಂಡು, ಕಣ್ಣು ಮುಚ್ಚದೆ ಕೂಡುವ ಅಭ್ಯಾಸ ಮಾಡಿದಳು.

"ಅತ್ತಿ, ಕಣ್ಣು ಮುಚ್ಚಿದಿ! ನಾ ನೋಡ್ದೆ!"

"ಧೂಳ ಬಿತ್ತವಾ. ಇನ್ನೊಮ್ಮೆ ತೂಗು."

ನಲವತ್ತರ ಹತ್ತಿರದ ಹೆಂಗಸು ಜೋಕಾಲಿಯಲ್ಲಿ ನಗುವುದನ್ನು ಗೋದಾಮಿನ ಬಾಗಿಲಿನಿಂದ ನಾನು ನೋಡುತ್ತಿದ್ದೆ. ಸಂತೋಷವಾಗುತ್ತಿತ್ತೆ ಎಂದರೆ, ಇಲ್ಲ. ನನಗೂ ಹೋಗಬೇಕಿತ್ತು. ಬೆನ್ನ ಮೇಲೆ ಚೀಲ ಹೊತ್ತು ಲಾರಿ ತುಂಬಿದವನು ನಾನು, ಹಾಂಗ್‌ಕಾಂಗ್ ಅವರಿಗೆ ಎಂದುಕೊಂಡಿದ್ದೆ. ಆದರೆ ಅದನ್ನು ಬಾಯಿಬಿಟ್ಟು ಕೇಳಿರಲಿಲ್ಲ. ಕೇಳಿದ್ದರೆ ಅಕ್ಕ ತಾನೇ ಬಿಟ್ಟುಕೊಡುತ್ತಿದ್ದಳು. ಅದು ನನಗೆ ಗೊತ್ತಿತ್ತು. ಬಿಟ್ಟುಕೊಟ್ಟಿದ್ದು ಊರಿಗೆ ತಿಳಿಯುತ್ತದೆ ಎಂದು ನಾಚಿಕೆಯಾಗುತ್ತಿತ್ತು.

ಅವ್ವನಿಗೆ ಬೇರೆ ಚಿಂತೆ. ಅಣ್ಣ ಗಂಡಸು, ವೈನಿ ಗಂಡನ ಜೊತೆ ಹೋಗುವವಳು. ಮದುವೆಯಾಗದ ಮಗಳು ಸಮುದ್ರ ದಾಟುವುದೆಂದರೆ ಮನೆದೇವರನ್ನು ಕೇಳದೆ ಆಗದು ಎಂದಳು. ಗುಡಿಗೆ ಹೋಗಬೇಕಾದ ದಿನವೇ ಅಂಗಡಿಗೆ ಮಾಲು ಬರುವುದಿತ್ತು, ಅಣ್ಣ ಬರುವಂತಿರಲಿಲ್ಲ. ಹಾಗಾಗಿ ಅವ್ವನನ್ನೂ ಅಕ್ಕನನ್ನೂ ಕರೆದುಕೊಂಡು ನಾನು ಹೊರಟೆ. ಕೊಪ್ಪಳದಲ್ಲಿ ಬಸ್ಸು ಬದಲಿಸಿ, ಬೇವೂರಿನಲ್ಲಿ ಇಳಿದು, ಅಲ್ಲಿಂದ ಹೊಲದ ದಾರಿಯಲ್ಲಿ ನಡೆದರೆ ನಮ್ಮ ಮನೆದೇವರ ಗುಡಿ.

ಅಲ್ಲಿ ಅಪ್ಪಣೆ ಕೇಳುವ ಕ್ರಮ ಹೀಗೆ. ದೇವರ ಎರಡು ಭುಜಗಳಿಗೂ ನೀರಲ್ಲಿ ಅದ್ದಿದ ಹೂವಿನ ಎಸಳನ್ನು ಅಂಟಿಸುತ್ತಾರೆ. ಪೂಜಾರಿ ಕಣ್ಣು ಮುಚ್ಚಿ ಪ್ರಶ್ನೆ ಹೇಳುತ್ತಾನೆ. ಬಲಗಡೆಯದು ಮೊದಲು ಬಿದ್ದರೆ ಆಗಲಿ ಎಂದು, ಎಡಗಡೆಯದು ಬಿದ್ದರೆ ಬೇಡ ಎಂದು. ಕೇಳುವವನು ನೋಡುವಂತಿಲ್ಲ. ಮನೆಯ ಗಂಡಸೊಬ್ಬ ದೀಪ ಹಿಡಿದು ಪಕ್ಕದಲ್ಲಿ ನಿಂತು, ಯಾವುದು ಬಿತ್ತೆಂದು ಹೇಳಬೇಕು. ಹೆಂಗಸರು ಹೊಸ್ತಿಲಾಚೆ ಕಂಬದ ಹತ್ತಿರ.

ದೀಪ ಹಿಡಿದವನು ನಾನು.

ಪೂಜಾರಿ ಅಜ್ಜ ನಿಧಾನವಾಗಿ ಹೇಳಿದ, "ಮಗಳು ನೀರು ದಾಟಿ ದೂರ ಹೊಂಟಾಳ. ಹೋಗಿ ಸುಖವಾಗಿ ಬರೂ ಹಂಗಿದ್ರ ಬಲಕ್ಕ ಕೊಡು."

ಹೆಚ್ಚು ಹೊತ್ತು ಹಿಡಿಯಲಿಲ್ಲ. ಬಲಭುಜದ ಎಸಳು ಜಾರಿ ಪೀಠದ ಮೇಲೆ ಬಿತ್ತು. ನಾನು ನೋಡಿದೆ. ಅನುಮಾನಕ್ಕೆ ಜಾಗವಿರಲಿಲ್ಲ. ಬಾಯಿ ತೆರೆಯಬೇಕಿತ್ತು, ತೆರೆಯಲಿಲ್ಲ. ಸುಳ್ಳು ಹೇಳಬೇಕೆಂದು ಮನೆಯಿಂದ ಹೊರಟವನಲ್ಲ ನಾನು. ಸುಮ್ಮನೆ ನಿಂತೆ. ಅಷ್ಟರಲ್ಲಿ ಎಡಗಡೆಯ ಎಸಳೂ ಬಿತ್ತು. ಈಗ ಎರಡೂ ಕಲ್ಲಿನ ಮೇಲಿದ್ದವು. ಯಾವುದು ಮೊದಲಿನದು ಎಂದು ಬಲ್ಲವನು ನಾನೊಬ್ಬನೇ.

"ಯಾಕೋ ಸುಮ್ಮನಾದಿ?" ಹೊರಗಿನಿಂದ ಅವ್ವ ಕೇಳಿದಳು. "ಎಡಕ್ಕ ಬಿತ್ತೇನು?"

"ಹ್ಞೂಂ" ಎಂದೆ.

ಪೂಜಾರಿ ಅಜ್ಜ ಕಣ್ಣು ತೆರೆದು, ಎರಡೂ ಎಸಳನ್ನು ಎತ್ತಿ, ಭಂಡಾರದ ಅರಿಸಿನದ ಜೊತೆ ಅಕ್ಕನ ಕೈಗೆ ಹಾಕಿದ. ಅವಳು ಕಣ್ಣಿಗೊತ್ತಿಕೊಂಡಳು. ಬಸ್ಸಿಗೆ ಕಾಯುವಾಗ ಅವ್ವನೇ ಅತ್ತಳು. ಅಕ್ಕ ಮಾತ್ರ ನನ್ನ ಕಡೆ ತಿರುಗಿ, "ಹಂಗಾರ ನೀ ಹೋಗು ತಮ್ಮಾ. ಸೀಟು ಯಾಕ ಖಾಲಿ ಬಿಡೋದು" ಎಂದಳು. ನಾನು ಬೇಡ ಎನ್ನಲಿಲ್ಲ.

ಮರುದಿನದಿಂದ ಅವಳು ನನಗೆ ಪಾಠ ಮಾಡತೊಡಗಿದಳು. ಅರಳೆ ಯಾವಾಗ ಇಡಬೇಕು, ರೊಟ್ಟಿ ಯಾವ ಕೈಚೀಲದಲ್ಲಿ, ಶೇಂಗಾ ಚಟ್ನಿ ಯಾವುದರಲ್ಲಿ, ತೂಗುವ ಡಬ್ಬಿಯಲ್ಲಿ ಕೆಳಗೆ ನೋಡದೆ ಎದುರಿನ ಗುಡ್ಡ ನೋಡಬೇಕು. ಜೋಕಾಲಿಯಲ್ಲಿ ಒಮ್ಮೆ ಕೂತು ನೋಡು ಎಂದಳು. ನನಗೆ ಕೆಲಸವಿದೆ ಎಂದು ಗೋದಾಮಿಗೆ ಹೋದೆ.

ಹೋದೆವು, ಬಂದೆವು. ಅಲ್ಲಿ ಸಮುದ್ರವಿತ್ತು, ಮೀನು ಕುಣಿದವು. ಡಬ್ಬಿ ಹತ್ತಿದ ಕೂಡಲೇ ನಾನು ಕಣ್ಣು ಮುಚ್ಚಿಕೊಂಡವನು, ಇಳಿಯುವ ತನಕ ತೆರೆಯಲಿಲ್ಲ. ವೈನಿ ವಾರಗಟ್ಟಲೆ ಅದನ್ನೇ ಹೇಳಿ ನಗುತ್ತಿದ್ದರು. ಬಂದ ಮೇಲೆ ಅಕ್ಕ ಎದುರು ಕೂರಿಸಿಕೊಂಡು, ಡಬ್ಬಿ ನಡುವೆ ನಿಂತಾಗ ನೀರು ಯಾವ ಬಣ್ಣ ಕಾಣುತ್ತದೆ ಎಂದು ಕೇಳಿದಳು. ನೀಲಿ ಎಂದೆ.

ಅಲ್ಲಿಗೆ ಮುಗಿಯಿತೆಂದು ತಿಳಿದಿದ್ದೆ. ಆದರೆ ಅಕ್ಕ ಆ ಅಪ್ಪಣೆಯನ್ನು ಆ ಒಂದು ಪ್ರಯಾಣಕ್ಕಷ್ಟೇ ಎಂದು ತಿಳಿಯಲಿಲ್ಲ. ಹುಬ್ಬಳ್ಳಿಯಲ್ಲಿ ನಮ್ಮ ಸೋದರಮಾವನ ಮಗನ ಮದುವೆಗೆ ಬರಲಿಲ್ಲ. ಓಣಿಯ ಹೆಂಗಸರು ಶ್ರೀಶೈಲಕ್ಕೆ ಹೊರಟಾಗ ಬುತ್ತಿ ಕಟ್ಟಿಕೊಟ್ಟು ಮನೆಯಲ್ಲೇ ಉಳಿದಳು. ಕೇಳಿದರೆ ಮೊಣಕಾಲು ನೋವು ಎನ್ನುತ್ತಿದ್ದಳು. ನಂಬುವುದು ನನಗೆ ಅನುಕೂಲವಾಗಿತ್ತು.

ಮೂರು-ನಾಲ್ಕು ವರ್ಷಗಳ ಮೇಲೆ ಒಂದು ಬೇಸಿಗೆಯಲ್ಲಿ ಅಣ್ಣ ಗೋಕರ್ಣಕ್ಕೆ ಹೋಗಲು ಜೀಪು ಗೊತ್ತು ಮಾಡಿದ. ಬೆಳಿಗ್ಗೆ ಅಂಗಳದಲ್ಲಿ ನಾನು ಸಾಮಾನು ಏರಿಸುತ್ತಿದ್ದೆ. ಅಕ್ಕ ಎಲ್ಲರ ಬುತ್ತಿ ತಂದಿಟ್ಟಳು, ತಾನು ಮಾತ್ರ ಮನೆಯ ಸೀರೆಯಲ್ಲೇ ಇದ್ದಳು. ಅಷ್ಟೊತ್ತಿಗೆ ದೊಡ್ಡವಳಾಗಿದ್ದ ಅಣ್ಣನ ಮಗಳು ಅವಳ ಕೈ ಹಿಡಿದು ಜಗ್ಗುತ್ತಿದ್ದಳು.

"ಅತ್ತಿ, ಇದು ಇಮಾನ ಅಲ್ಲ, ಜೀಪು. ಸಮುದ್ರ ದಾಟಂಗಿಲ್ಲ, ದಂಡಿ ಮ್ಯಾಲ ನಿಂತು ನೋಡೋದು ಅಷ್ಟ. ಬಾರವಾ!"

"ಒಲ್ಲೆ ನನ್ನವ್ವಾ."

"ಮೊಣಕಾಲು ಅನಬ್ಯಾಡ ಮತ್ತ. ನಿನ್ನೆ ಅಟ್ಟ ಹತ್ತಿ ಇಳದೀ."

ಅಕ್ಕ ನಕ್ಕಳು. ಆಮೇಲೆ, ಇಷ್ಟು ವರ್ಷದಲ್ಲಿ ಮೊದಲ ಸಲ, ಇದ್ದದ್ದನ್ನು ಹೇಳಿದಳು. "ನನಗ ದೂರ ಹೋಗಾಕ ಅಪ್ಪಣಿ ಇಲ್ಲವಾ. ದೇವರು ಸುಖವಾಗಿ ಬರಂಗಿಲ್ಲ ಅಂದಾನ. ನಾ ಕುಂತ ಜೀಪಿನ್ಯಾಗ ನೀವೆಲ್ಲಾ ಇರ್ತೀರಿ. ನನ್ನ ಸಲುವಾಗಿ ನಿಮಗ ಏನರ ಆದ್ರ?"

ಅವಳು ನಮಗಾಗಿ ಹೆದರಿ ಮನೆಯಲ್ಲಿ ಕೂತಿದ್ದಾಳೆ ಎಂಬುದು ನನಗೆ ಆವರೆಗೆ ಹೊಳೆದೇ ಇರಲಿಲ್ಲ. ಅಣ್ಣ ಜೀಪಿನ ಡ್ರೈವರ್ ಜೊತೆ ದಾರಿಯ ಮಾತಾಡುತ್ತಿದ್ದ, ವೈನಿ ಬಾಗಿಲಲ್ಲಿದ್ದರು, ಅವ್ವ ಕಟ್ಟೆಯ ಮೇಲಿದ್ದಳು. ಕೈಯಲ್ಲಿದ್ದ ಗಂಟನ್ನು ಕೆಳಗಿಟ್ಟೆ. ಎಲ್ಲರಿಗೂ ಕೇಳುವ ಹಾಗೆ, ಸ್ವಲ್ಪ ಜೋರಾಗಿಯೇ ಹೇಳಿದೆ:

"ಅಕ್ಕಾ, ದೇವರು ನಿನಗ ಬ್ಯಾಡ ಅಂದಿಲ್ಲ. ಆವತ್ತು ಹೂವು ಮೊದಲ ಬಲಕ್ಕ ಬಿದ್ದಿತ್ತು. ನಾ ಕಂಡಿದ್ದೆ, ಹೇಳಲಿಲ್ಲ. ನನಗ ಹೋಗಬೇಕಿತ್ತು, ಅದಕ್ಕ. ನಿನಗ ಭಾಳ ಅನ್ಯಾಯ ಮಾಡೀನಿ ಯಕ್ಕಾ, ನನ್ನದು ತಪ್ಪಾತು."